ಹಲಗೆಯೊಳಗಿನ ಸದ್ದು

ಹೊಳೆಯ ದಂಡೆಯ ಆಶ್ರಮಕ್ಕೆ ಮೌನೇಶ ಬಂದಾಗ ಗುರುಗಳು ಎಳೆಯ ನೆಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ಗಾಳಿಗೆ ಗಿಡ ವಾಲಿತ್ತು.

ಅವನ ಕಂಕುಳಲ್ಲಿ ಒಂದು ಹಲಗೆ ಇತ್ತು.

"ಏನಯ್ಯಾ, ಹೂವು ಹಣ್ಣು ಬಿಟ್ಟು ಸೌದೆ ತಂದೆಯಾ?"

"ಎಲ್ಲಾ ಮುಗಿಯಿತು, ಗುರುಗಳೇ."

ಮೌನೇಶ ಶಿಲ್ಪಿಗಳ ಊರಿನವನು. ಅಲ್ಲಿನ ನಲವತ್ತು ಮನೆಯವರು ಕೆತ್ತಿದ ಕಲ್ಲಿನ ವಿಗ್ರಹಗಳನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿ ಹೊರದೇಶಗಳಿಗೆ ಕಳಿಸುತ್ತಿದ್ದ. ಆ ಕೆಲಸ ಬಿಟ್ಟರೆ ಊರಿಗೆ ಬೇರೆ ಅನ್ನವಿರಲಿಲ್ಲ.

"ಬಂದರಿನವರು ಪೆಟ್ಟಿಗೆಗಳನ್ನು ವಾಪಸು ಅಟ್ಟಿದರು. ವಿಗ್ರಹದ ಒಂದು ಬೆರಳೂ ಮುಕ್ಕಾಗಿಲ್ಲ. ಪೆಟ್ಟಿಗೆಯ ಮರ ಸರಿಯಿಲ್ಲವಂತೆ. ಕಲ್ಲಿಗೆ ಹುಳ ಬೀಳುತ್ತದೆಯೇ, ಗುರುಗಳೇ?"

"ಮರಕ್ಕೆ?"

ಮೌನೇಶ ಹಲಗೆಯನ್ನು ಮುಂದೆ ಚಾಚಿದ.

ಗುರುಗಳು ಹಲಗೆಯನ್ನು ತೆಗೆದುಕೊಂಡು ತಿರುಗಿಸಿ ನೋಡಿದರು. ಮೂಲೆಯಲ್ಲಿ ಸುಟ್ಟು ಮೂಡಿಸಿದ ಒಂದು ಮುದ್ರೆ ಇತ್ತು.

"ಇದೇನು?"

"ಮರ ಕಾಯಿಸಿದ್ದೇವೆ ಎಂಬ ಗುರುತು. ತಿರುಳಿನವರೆಗೂ ಕಾವು ಹೋಗಿ ಅರ್ಧ ಗಂಟೆ ನಿಲ್ಲಬೇಕು. ಆಗ ಒಳಗಿನ ಹುಳ ಸಾಯುತ್ತದೆ. ಈ ಗುರುತಿಲ್ಲದ ಪೆಟ್ಟಿಗೆಯನ್ನು ಅವರು ಇಳಿಸಿಕೊಳ್ಳುವುದಿಲ್ಲ."

"ಅಂದವಾಗಿದೆ."

"ನಮ್ಮ ಕಾಳಾಚಾರಿ ಕೆತ್ತಿದ ಅಚ್ಚು." ಆ ಗಳಿಗೆಯಲ್ಲೂ ಮೌನೇಶನ ದನಿಯಲ್ಲಿ ಹೆಮ್ಮೆ ಇಣುಕಿತು. "ಕಾಯಿಸುವ ಕಡೆ ಹದಿನೈದು ದಿನ ಸರದಿ ಇತ್ತು. ದೇವರ ಕಣ್ಣು ಬಿಡಿಸುವ ಕೈಗೆ ಒಂದು ಮುದ್ರೆ ಹೆಚ್ಚೇ ಅಂದು, ಮರ ಕಾಯಿಸದೆಯೇ ಒತ್ತಿದೆವು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಅಸಲಿ ಯಾವುದೆಂದು ನನಗೇ ತಿಳಿಯಲಿಲ್ಲ."

"ಹುಳ ಅದನ್ನು ಓದಿತೇ?"

ಮೌನೇಶ ತಲೆ ತಗ್ಗಿಸಿದ.

"ಹೋಗಲಿ ಬಿಡು. ಹಲಗೆ ಗಟ್ಟಿ ಇದೆ. ಗಿಡಕ್ಕೆ ಆಸರೆ ಬೇಕಿತ್ತು."

ಗುರುಗಳು ಹಲಗೆಯನ್ನು ನೆಲ್ಲಿಯ ಬುಡಕ್ಕೆ ಆನಿಸಿ ನಿಲ್ಲಿಸಿದರು. ನೆಲಕ್ಕೆ ಬಡಿಯಲು ಒಂದು ಕಲ್ಲು ಎತ್ತಿಕೊಂಡರು.

ಮೌನೇಶ ಹಾರಿ ಬಂದು ಹಲಗೆ ಕಿತ್ತುಕೊಂಡ.

"ಬೇಡ ಗುರುಗಳೇ! ಗಿಡದ ಹತ್ತಿರ ಬೇಡ!"

"ಯಾಕೆ? ಮುದ್ರೆ ಇದೆಯಲ್ಲ."

ಹಲಗೆಯನ್ನು ಎದೆಗೆ ಅವಚಿಕೊಂಡು ಮೌನೇಶ ಅಲ್ಲೇ ಕುಸಿದು ಕೂತ.

"ಇನ್ನೊಂದು ಹಡಗು ಹೋಗಿದೆ. ಬೇರೆ ಬಂದರಿಗೆ. ಅದರಲ್ಲೂ ಇದೇ ಮರ, ಇದೇ ಮುದ್ರೆ. ಮುಟ್ಟುವುದಕ್ಕೆ ಒಂಬತ್ತು ದಿನ ಇದೆ."

"ಅವರಿಗೆ ಗೊತ್ತೇ?"

"ನಾನು ಬರೆದರೆ ಗೊತ್ತಾಗುತ್ತದೆ. ಬರೆದರೆ ಇನ್ನು ಯಾವ ಬಂದರಿನವರೂ ನಮ್ಮ ಪೆಟ್ಟಿಗೆ ಮುಟ್ಟುವುದಿಲ್ಲ. ನಲವತ್ತು ಮನೆಯವರೂ ಉಳಿ ಕೆಳಗಿಡಬೇಕು. ಕಾಳಾಚಾರಿಗೆ ಅರವತ್ತು ವರ್ಷ. ಅವನಿಗೆ ಬೇರೇನು ಬರುತ್ತದೆ?"

"ಬರೆಯದಿದ್ದರೆ?"

ಮೌನೇಶ ನೆಲ್ಲಿ ಗಿಡವನ್ನು ನೋಡಿದ.

"ಆ ಬಂದರಿನ ಬೆನ್ನಿಗೇ ಕಾಡು."

ಗುರುಗಳು ಕೈಯಲ್ಲಿದ್ದ ಕಲ್ಲನ್ನು ಹೊಳೆಗೆ ಎಸೆದರು.

"ಎರಡೂ ಉಳಿಯುವ ದಾರಿ ಇಲ್ಲವೇ, ಗುರುಗಳೇ?"

"ಇತ್ತು. ಹದಿನೈದು ದಿನ ಸರದಿಯಲ್ಲಿ ನಿಲ್ಲಬೇಕಿತ್ತು."

"ಈಗ?"

"ಇಲ್ಲ."

ಸಮಾಧಾನದ ಮಾತೊಂದು ಬಂದೀತೆಂದು ಮೌನೇಶ ಕಾದ. ಬರಲಿಲ್ಲ. ಹೊಳೆ ತನ್ನ ಪಾಡಿಗೆ ಹರಿಯುತ್ತಿತ್ತು.

"ಇನ್ನೂ ಒಂಬತ್ತು ದಿನ ಇದೆಯಲ್ಲ. ಒಂದು ನಾಲ್ಕು ದಿನ ಯೋಚಿಸಿ ನೋಡಲೇ?"

ಗುರುಗಳು ಅವನ ತೋಳಿನಿಂದ ಹಲಗೆ ಬಿಡಿಸಿಕೊಂಡರು. ಅದನ್ನು ಅವನ ಕಿವಿಗೆ ಒತ್ತಿ ಹಿಡಿದರು.

"ಕೇಳು."

ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಮರದ ಆಳದಿಂದ ಒಂದೇ ಸಮನೆ ಬರುತ್ತಿದ್ದ ಸದ್ದು ಕೇಳಿಸಿತು. ಕರ್, ಕರ್, ಕರ್.

ಮೌನೇಶ ಕಣ್ಣು ಮುಚ್ಚಿಕೊಂಡ.

"ಅದು ಯೋಚಿಸುತ್ತಾ ಕೂತಿಲ್ಲ."