ಸಿಡಿಗಲ್ಲು ಕೋಟೆ ಎಂಬ ಮಟ್ಟು

ಸಿಡಿಗಲ್ಲು ಕೋಟೆಯಲ್ಲಿ ಈಗ ಉಳಿದಿರುವುದು ಮೂಡಣ ಬಾಗಿಲು, ಅದರ ಮೇಲಿನ ಕಾವಲು ಬತೇರಿ, ಅರ್ಧ ಹೂತುಹೋದ ಒಂದು ಕಣಜ. ಆದರೆ ಕೋಟೆಯನ್ನು ಕಣ್ಣಾರೆ ಕಾಣದವರಿಗೂ ಅದರ ಹೆಸರು ಗೊತ್ತು. ಸುತ್ತಿನ ಊರುಗಳಿಗೆ ಬರುವ ಜೋಗಿಗಳು ಕಿನ್ನರಿಯ ತಂತಿಯ ಮೇಲೆ ಕಮಾನು ಎಳೆದು ನುಡಿಸುವ ಒಂದು ಮಟ್ಟಿಗೆ ‘ಸಿಡಿಗಲ್ಲು ಕೋಟೆ’ ಎಂದೇ ಹೆಸರು. ಮಾತಿಲ್ಲದ ಮಟ್ಟು ಅದು. ಆ ಹೆಸರು ಬಂದದ್ದು ಹೀಗೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಚೌರಂಗಯ್ಯನೆಂಬ ಜೋಗಿ ಪ್ರತಿ ಸಂಜೆ ಬತೇರಿಯ ಮೇಲೆ ಕುಳಿತು ಕಿನ್ನರಿ ನುಡಿಸುತ್ತಿದ್ದ. ಮಟ್ಟು ಅವನೇ ಕಟ್ಟಿದ್ದು. ಜನ ‘ಜೋಗಿಯ ಮಟ್ಟು’ ಎನ್ನುತ್ತಿದ್ದರು. ಅದಕ್ಕೆ ಮೂರು ಸುತ್ತು. ಗಾಳಿ ಇಳಿದ ಹೊತ್ತಿನಲ್ಲಿ ಅದರ ದನಿ ಬಂಡೆಗಳ ನಡುವೆ ಮೊಳಗಿ ಕೆರೆಯವರೆಗೂ ಕೇಳುತ್ತಿತ್ತಂತೆ. ಮೊದಲ ಸುತ್ತಿಗೆ ಹೊಲದವರು ಕೈಕೆಲಸ ಬಿಟ್ಟು ಏಳಬೇಕು, ಎರಡನೆಯದಕ್ಕೆ ಗುಡ್ಡ ಹತ್ತುತ್ತಿರಬೇಕು, ಮೂರನೆಯದಕ್ಕೆ ಓಡಬೇಕು. ಅದು ಮುಗಿದ ಮೇಲೆ ಬಾಗಿಲಿಗೆ ಅಗುಳಿ. ಮುಗಿಯುವ ಮುಂಚೆ ಅಗುಳಿ ಮುಟ್ಟುವುದಿಲ್ಲವೆಂದು ಕಾವಲಿನವರು ದೇವರ ಮುಂದೆ ಆಣೆ ಮಾಡಿದ್ದರು.

ಆ ದಿನವೂ ಎಂದಿನಂತೆಯೇ ಇತ್ತು. ಕಮಾನಿನ ಕೂದಲು ಸವೆದಿದ್ದರಿಂದ, ಹೊಸದಾಗಿ ಕುದುರೆಬಾಲದ ಕೂದಲು ತರಲು ಚೌರಂಗಯ್ಯ ಹೆಂಡತಿ ಮಾಳವ್ವನನ್ನು ಕೆರೆಯಾಚೆಯ ಲಾಯಕ್ಕೆ ಕಳಿಸಿದ್ದ. ಹೊತ್ತು ಇಳಿದರೂ ಅವಳು ಬರಲಿಲ್ಲ. ಅವನು ಎರಡು ಸುತ್ತು ನುಡಿಸಿ, ಮೂರನೆಯದಕ್ಕೆ ಹೋಗದೆ ಮತ್ತೆ ಮೊದಲಿನಿಂದ ಹಿಡಿದ.

“ಏನ್ ಜೋಗಯ್ಯ, ಮಟ್ಟು ಮರ್ತೋಯ್ತಾ?” ಎಂದು ಕಾವಲಿನ ಕಾಟನಾಯಕ ಕೆಳಗಿನಿಂದ ಕೂಗಿದ. “ನನ್ ಹಿಟ್ಟು ಆರ್ತಾ ಐತೆ.”

“ನಿಮ್ಮನೆ ಹಿಟ್ಟು ಬಿಸಿ ಇದ್ದಾಗ್ಲೂ ಕಲ್ಲೇ ಕಣೋ. ಮಾಳಿ ಬರ್ಲಿ, ತಡಿ.”

ಕಾವಲಿನವರು ನಕ್ಕರು. ಅಷ್ಟರಲ್ಲಿ ಮಾಳವ್ವ ನಡುದಾರಿಯಲ್ಲಿ ಕಂಡಳು. ಕೇಳುತ್ತಿದ್ದದ್ದು ಮೊದಲ ಸುತ್ತು. ಇನ್ನೂ ಹೊತ್ತಿದೆ ಎಂದುಕೊಂಡು ಅವಳು ಪಕ್ಕದ ಬಂಡೆಯ ಮೇಲೆ ಕುಳಿತು, ಗಂಟು ಬಿಚ್ಚಿ, ಕೂದಲಿನ ಸಿಕ್ಕು ಬಿಡಿಸತೊಡಗಿದಳು. ಅವಳು ಬರಲೆಂದು ಅವನು ಮತ್ತೆ ಮೊದಲ ಸುತ್ತಿಗೆ ಹೋಗಿದ್ದ; ಅದನ್ನು ಕೇಳಿಯೇ ಅವಳು ಕುಳಿತಿದ್ದಳು.

ಆಗ ಕೆರೆಯ ಏರಿಯ ಮೇಲೆ ಧೂಳೆದ್ದಿತು. ಹಗೆಯ ಕುದುರೆಗಳು. ಚೌರಂಗಯ್ಯ ನೇರ ಮೂರನೆಯ ಸುತ್ತಿಗೆ ಹಾರಿದ. ಮಾಳವ್ವ ಎದ್ದು ಓಡಿದಳು. ಕುದುರೆಗಳು ಅವಳಿಗಿಂತ ಬೇಗ ಗುಡ್ಡ ಹತ್ತುತ್ತಿದ್ದವು.

“ಮುಗ್ಸು ಜೋಗಯ್ಯ! ಆಣೆ ಐತೆ, ನಾ ಮುಟ್ಟಂಗಿಲ್ಲ! ಒಳಗೆ ಮಕ್ಕಳು ಮರಿ ಅವ್ರೆ!” ಎಂದು ಕಾಟನಾಯಕ ಕೂಗಿದ.

ಅವನು ಕೊನೆಯ ಸ್ವರವನ್ನು ಕಮಾನಿನ ತುದಿಯವರೆಗೂ ಎಳೆದ. ಆಮೇಲೆ ಕಮಾನನ್ನು ಎತ್ತಿದ. ಅಗುಳಿ ಬಿತ್ತು.

ಕೋಟೆ ಉಳಿಯಿತು. ದಂಡು ತಿರುಗಿಹೋದ ಮೇಲೆ ಬಾಗಿಲು ತೆಗೆದರು. ಹೊರಗೆ ಸತ್ತುಬಿದ್ದಿದ್ದ ಮಾಳವ್ವನ ಮುಷ್ಟಿಯಲ್ಲಿದ್ದ ಕೂದಲನ್ನೇ ಚೌರಂಗಯ್ಯ ಕಮಾನಿಗೆ ಕಟ್ಟಿದ. ಪಾಳೆಯಗಾರ ಅವನನ್ನು ಕರೆಸಿ, ನಿನ್ನ ಮಟ್ಟು ನಮ್ಮನ್ನು ಕಾಯಿತು ಎಂದಾಗ, “ನಂದಲ್ಲ ಬುದ್ಧಿ, ಅದು ಕೋಟೇದು. ಕೋಟೆ ಹೆಸರೇ ಇರ್ಲಿ” ಎಂದನಂತೆ.

ಜೋಗಿಗಳು ಈಗಲೂ ಎರಡೇ ಸುತ್ತು ನುಡಿಸಿ, ಬಾಗಿಲು ಮುಚ್ಚಿಸುವ ಮೂರನೆಯದಕ್ಕೆ ಹೋಗದೆ ಕಮಾನು ಎತ್ತುತ್ತಾರೆ. ಕೋಟೆ ನೋಡಲು ಬಂದವರು ನಡುದಾರಿಯ ಬಂಡೆಯ ಮೇಲೆ ದಣಿವಾರಿಸಿಕೊಳ್ಳುತ್ತಾರೆ. ಅಲ್ಲಿಂದ ಬಾಗಿಲು ನೇರವಾಗಿ ಕಾಣುತ್ತದೆ.