ಘಾಟನ್ನು ಒಳಗೆ ಕರೆದ ಕಿಂಚಿ

ಅದು ಭೂಮಿಯ ಮೊದಲನೆಯ ಮಂಗಳವಾರ. ಬೆಳಿಗ್ಗೆ ಬಿಸಿಲಿತ್ತು, ಮಧ್ಯಾಹ್ನಕ್ಕೆ ಮೋಡ ಕವಿಯಿತು, ಮಳೆ ಬರಲಿಲ್ಲ.

"ಆಗ ಮಂಗಳವಾರ ಅಂತ ಯಾರು ಹೇಳಿದ್ರು?" ಎಂದಳು ಪಾವನಿ. ಹೊಸ ಪ್ಲೈವುಡ್ ಕಪಾಟಿನ ವಾಸನೆಗೆ ಕಣ್ಣುರಿ ಬಂದು ಅವಳೂ ಅಜ್ಜನೂ ಹಿತ್ತಲಿನ ಮೆಟ್ಟಿಲ ಮೇಲೆ ಕೂತಿದ್ದರು.

"ಸೋಮವಾರ ಆಗಿಹೋಗಿತ್ತಲ್ಲ. ಕೇಳು," ಎಂದ ಅಜ್ಜ.

ಮರಗಳು ಹೊಸವು, ನದಿ ಹೊಸದು, ಗಾಳಿಗೆ ಇನ್ನೂ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಆ ದಿನ ಕಾಡಿಗೆ ಮೊದಲ ಬೆಂಕಿ ಬಿತ್ತು. ಬೆಂಕಿ ಆರಿತು, ಅದರ ಹೊಗೆಯಲ್ಲಿ ಹುಟ್ಟಿದ ಘಾಟು ಮಾತ್ರ ಹೋಗಲಿಲ್ಲ. ಈಗ ಅದನ್ನು ಫಾರ್ಮಾಲ್ಡಿಹೈಡ್ ಅನ್ನುತ್ತಾರೆ, ಹೊಸ ಕಪಾಟಿನಿಂದ ಬರುವುದೂ ಅದೇ. ಆಗ ಅದಕ್ಕೆ ಹೆಸರಿರಲಿಲ್ಲ, ಸೊಕ್ಕಿತ್ತು. ಅದು ಮುಟ್ಟಿದ್ದೆಲ್ಲ ಸೆಟೆದುಕೊಳ್ಳುತ್ತಿತ್ತು. ಬಿದ್ದ ಎಲೆ ಕೊಳೆಯಲಿಲ್ಲ. ಸತ್ತ ಜೀರುಂಡೆ ಮಣ್ಣಾಗಲಿಲ್ಲ.

ಆ ಕಾಡಿನ ಕೆಸರಿನಲ್ಲಿ ಅಕ್ಕ ತಂಗಿ ಇದ್ದರು. ಅಕ್ಕ ಎರೆಹುಳು. ತಂಗಿ ಕಿಂಚಿ, ಈಗಿನ ಬ್ಯಾಕ್ಟೀರಿಯಾಗಳಿಗೆಲ್ಲ ಮೊದಲ ಅಜ್ಜಿ. ಆಗ ಅವಳು ತಾವರೆ ಎಲೆಯಷ್ಟು ಅಗಲವಾಗಿ, ಮಿರಿಮಿರಿ ಮಿಂಚುತ್ತ, ಕೆಸರಿನ ಮೇಲೆ ಹರಡಿಕೊಂಡಿರುತ್ತಿದ್ದಳು.

ಘಾಟು ಕೆಸರಿಗಿಳಿದು ಅಕ್ಕನ ಬಾಲ ಹಿಡಿಯಿತು. ಬಾಲ ಕಡ್ಡಿಯಾಯಿತು. ನಡು ಕಡ್ಡಿಯಾಯಿತು.

"ಬಾಯಿವರೆಗೂ ಬಂದರೆ ನಾನು ಮುಗಿದೆ ಕಣೇ. ನೀನಾದರೂ ಓಡು," ಎಂದಳು ಅಕ್ಕ.

"ಓಡೋಕೆ ನನಗೆ ಕಾಲೆಲ್ಲಿದೆ? ಸುಮ್ಮನಿರು, ನಿನ್ನ ಬಿಟ್ಟು ಹೋಗಲ್ಲ."

ಕಿಂಚಿ ಗಾಳಿಯನ್ನು ಕೂಗಿದಳು. "ಗಾಳಿಯಣ್ಣ, ಇದನ್ನ ಎತ್ತಿಕೊಂಡು ಹೋಗೋ!"

"ಹೋಗ್ತೀನಿ. ಇನ್ನೊಬ್ಬರ ಮನೆ ಮುಂದೆ ಇಳಿಸಬೇಕಾಗುತ್ತೆ, ಆದೀತಾ?"

ನದಿಯನ್ನು ಕೇಳಿದಳು. "ತೊಳೆದುಬಿಡಮ್ಮ!"

"ನನ್ನ ಮೀನುಗಳು ಕಡ್ಡಿಯಾಗ್ತಾವಲ್ಲೇ ಮಗಳೇ."

ಹಾಗಾದರೆ ಹೊತ್ತೊಯ್ದೂ ಆಗದು, ತೊಳೆದೂ ಆಗದು. ಇದನ್ನು ಮುರಿಯಬೇಕು, ಅಂದುಕೊಂಡಳು ಕಿಂಚಿ.

ಅವಳಿಗೆ ಹಲ್ಲಿಲ್ಲ, ಉಗುರಿಲ್ಲ. ತನ್ನ ಮೈಯದೇ ಎಳೆಯೊಂದನ್ನು ಎಳೆದು ಮಡಚಿದಳು. ಮಡಿಕೆ ತಪ್ಪಿತು. ಬಿಚ್ಚಿದಳು, ಮತ್ತೆ ಮಡಚಿದಳು. ಮತ್ತೆ ತಪ್ಪಿತು, ಮತ್ತೆ ಮಡಚಿದಳು. ಕೊನೆಗೆ ಎರಡು ಸಾಧನ ಸಿದ್ಧವಾದವು. ಅವೇ ಕಿಣ್ವಗಳು. ಮೊದಲನೆಯದು ಘಾಟನ್ನು ಇರುವೆ ಕಡಿತದ ಹುಳಿಯಾಗಿಸುತ್ತದೆ. ಎರಡನೆಯದು ಆ ಹುಳಿಯನ್ನು ಮುರಿದು, ನಾವು ಹೊರಗೆ ಬಿಡುವ ಉಸಿರಿನಂಥ ಗಾಳಿಯಾಗಿಸುತ್ತದೆ.

ಆದರೆ ಕಿಣ್ವಗಳಿದ್ದದ್ದು ಮೈಯೊಳಗೆ. ಘಾಟನ್ನು ಅಲ್ಲಿಗೇ ಕರೆಯಬೇಕು.

"ಬಾ ಒಳಗೆ," ಎಂದಳು ಕಿಂಚಿ.

"ಕರೆದು ಸಾಯೋರನ್ನು ಇವತ್ತೇ ನೋಡಿದ್ದು!" ಎಂದು ನಕ್ಕು ಘಾಟು ಒಳನುಗ್ಗಿತು.

ಅಷ್ಟು ಅಗಲದ ಮೈ. ಅಂಚಿನಿಂದ ಕಿಣ್ವದ ಹತ್ತಿರ ಬರುವಷ್ಟರಲ್ಲಿ ಘಾಟು ದಾರಿಯುದ್ದಕ್ಕೂ ಅವಳನ್ನು ಮರಗಟ್ಟಿಸುತ್ತ ಬಂತು. ಅತ್ತ ಅಕ್ಕನ ಕತ್ತು ಕಡ್ಡಿಯಾಯಿತು. ಅಕ್ಕ ಈಗ ಮಾತಾಡಲಿಲ್ಲ.

"ಬಾಗಿಲಿಗೂ ಒಲೆಗೂ ಬಹಳ ದೂರವಾಯಿತು," ಎಂದಳು ಕಿಂಚಿ. "ಮನೆಯೇ ಚಿಕ್ಕದಾಗಲಿ."

ತನ್ನನ್ನು ಎರಡಾಗಿ ಸೀಳಿಕೊಂಡಳು. ಸಾಲದು. ಮತ್ತೆ ಸೀಳಿಕೊಂಡಳು. ಸಾಲದು. ಎಲೆಯಷ್ಟಿದ್ದವಳು ಹನಿಯಷ್ಟಾದಳು, ಹನಿಯಷ್ಟಿದ್ದವಳು ಸಾಸಿವೆಯಷ್ಟಾದಳು, ಆಮೇಲೆ ಧೂಳಿನಷ್ಟು. ಆ ಧೂಳನ್ನೂ ಸೀಳಿದಳು. ಒಂದೊಂದು ಚೂರಿನಲ್ಲೂ ಎರಡೂ ಕಿಣ್ವ.

ಈಗ ಘಾಟು ಹೊಸಿಲು ದಾಟಿದ್ದೇ ತಡ, ಕಿಣ್ವದ ಕೈಗೆ ಸಿಕ್ಕಿತು. ಮುರಿಯಿತು. ಹುಳಿಯಾಯಿತು, ಗಾಳಿಯಾಯಿತು.

ಅಕ್ಕನ ಕತ್ತು ಸಡಿಲಾಯಿತು. ನಡು ಬಳುಕಿತು. ಬಾಲ ಆಡಿತು. ಕಾಡಿನಲ್ಲಿ ಬಿದ್ದ ಎಲೆಗಳು ಮೊದಲ ಸಲ ಮೆತ್ತಗಾಗಿ, ಕಪ್ಪಿಟ್ಟು, ಕೊಳೆಯತೊಡಗಿದವು.

"ಗೆದ್ದಳು!" ಎಂದಳು ಪಾವನಿ.

"ಗೆದ್ದಳು," ಎಂದ ಅಜ್ಜ.

ಅಕ್ಕ ತಿರುಗಿ ನೋಡಿದಳು. ಕೆಸರಿನ ಮೇಲೆ ಯಾರೂ ಇರಲಿಲ್ಲ. "ಕಿಂಚೀ!" ಎಂದು ಕೂಗಿದಳು.

"ಇಲ್ಲೇ ಇದ್ದೀನಿ ಅಕ್ಕ," ಎಂದಳು ಕಿಂಚಿ, ಸುತ್ತಲಿನಿಂದಲೂ. ಅಷ್ಟು ಸಣ್ಣ ದನಿ ಅಕ್ಕನಿಗೆ ಕೇಳಲಿಲ್ಲ.

"ಮತ್ತೆ ಒಟ್ಟಿಗೆ ಸೇರಿ ದೊಡ್ಡವಳಾಗಬಹುದಿತ್ತಲ್ಲ ಅಜ್ಜ?"

"ಬೆಂಕಿ ಬಿದ್ದಾಗಲೆಲ್ಲ ಘಾಟು ಮತ್ತೆ ಹುಟ್ಟುತ್ತೆ, ಇವಳು ದೊಡ್ಡವಳಾದರೆ ಅದು ಮತ್ತೆ ಅಕ್ಕನನ್ನು ಹಿಡಿಯುತ್ತೆ. ಅದು ಅವಳಿಗೆ ಗೊತ್ತಿತ್ತು."

ಅದಕ್ಕೇ ಇಂದಿಗೂ ಬಿದ್ದ ಎಲೆ ಮಣ್ಣಾಗುತ್ತದೆ, ಮಣ್ಣಾಗಿಸಿದವರು ಕಣ್ಣಿಗೆ ಬೀಳುವುದಿಲ್ಲ. ಎರೆಹುಳು ಮಾತ್ರ ಮಣ್ಣನ್ನು ಬಾಯಿತುಂಬ ತುಂಬಿಕೊಂಡು, ಜಾಲಾಡಿ, ಸಣ್ಣ ಗುಪ್ಪೆಯಾಗಿ ಹಿಂದೆ ಬಿಟ್ಟು, ತಂಗಿಯನ್ನು ಹುಡುಕುತ್ತ ಮುಂದಿನ ಮಣ್ಣಿಗೆ ಹೋಗುತ್ತದೆ.