ತುಂಬದ ಹಗೇವು

ನಮ್ಮ ಕೋಟೆಯ ಅಗಸಿ ಬಾಗಿಲು ದಾಟಿದರೆ ಎಡಕ್ಕೊಂದು ಹಗೇವು ಇದೆ. ಜೋಳ ಕೂಡಿಡಲು ಹಿಂದಿನವರು ನೆಲದೊಳಗೆ ತೋಡಿದ ಕಣಜ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಒಳಗೋಡೆ ಮಸಿ ಬಳಿದಂತೆ ಕಪ್ಪು. ದೂರದೇಶದವರು ಟೋಪಿ ಹಾಕಿಕೊಂಡು ಬರುತ್ತಾರೆ, ನಗುತ್ತಲೇ ಬಗ್ಗುತ್ತಾರೆ, ಏಳುವಾಗ ಟೋಪಿ ಕೈಯಲ್ಲಿರುತ್ತದೆ. ಊರವರು ಇದನ್ನು ತುಂಬದ ಹಗೇವು ಎನ್ನುತ್ತಾರೆ. ಏಕೆಂದು ನಮ್ಮಜ್ಜಿ ಹೇಳಿದ್ದನ್ನೇ ಹೇಳುತ್ತೇನೆ.

ಹಿಂದೆ ಒಮ್ಮೆ ಬಿಳಿಯರ ದಂಡು ಈ ಕೋಟೆಗೆ ಮುತ್ತಿಗೆ ಹಾಕಿತಂತೆ. ಗಂಡಸರು ತಮ್ಮ ಹೆಂಗಸರು ಮಕ್ಕಳನ್ನು ಬರಿದಾಗಿದ್ದ ಹಗೇವಿಗೆ ಇಳಿಸಿ ಮೇಲೆ ಚಪ್ಪಡಿ ಎಳೆದರು. ಕೋಟೆ ಬಿತ್ತು. ಕಾಳೆಲ್ಲ ಸುಡಿರೆಂದು ದಂಡಿಗೆ ಹುಕುಂ ಆಗಿತ್ತು. ಒಳಗೆ ಜೋಳವಿದೆ ಎಂದುಕೊಂಡ ಬಿಳಿಯ ಸಿಪಾಯಿಯೊಬ್ಬ ಚಪ್ಪಡಿ ಸರಿಸಿ ಉರಿಯುವ ಹುಲ್ಲು ತಳ್ಳಿಬಿಟ್ಟ. ಚೀರಾಟ ಕೇಳಿಸಿತು; ಬೆಂಕಿ ಕೇಳಿಸಿಕೊಂಡೀತೇ? ನೀರು ತರಲು ಹೋಗಿದ್ದ ಹುಲಿಗೆವ್ವ ಎಂಬವಳು ಉಳಿದಳು. ಅವಳ ಇಬ್ಬರು ಹೆಣ್ಣುಮಕ್ಕಳು ಒಳಗಿದ್ದರು.

ಎಷ್ಟೋ ಮಳೆಗಾಲ ಕಳೆದ ಮೇಲೆ ಬಿಳಿಯ ಮುದುಕನೊಬ್ಬ ದುಭಾಷಿಯೊಡನೆ, ಗಾಡಿಗಟ್ಟಲೆ ಜೋಳ ಹೇರಿಕೊಂಡು ಬಂದ. ಹಗೇವಿಗೆ ಕೋಲು ಇಳಿಬಿಟ್ಟು ಆಳ ನೋಡಿದ. ಊರಿಗೆ ಊರೇ ಕಣ್ಣಿಟ್ಟಿತು.

"ನಿಧಿ ಹುಡುಕಾಕ ಬಂದಾನ."

"ನಿಧಿ ಎಲ್ಲಿದು? ಜೋಳಕ್ಕ ವಿಷ ಹಾಕ್ಯಾನ. ಸುಟ್ಟು ಉಳಿದವರನ್ನ ಉಣಿಸಿ ಕೊಲ್ಲಾಕ!"

ಹುಲಿಗೆವ್ವ ಅವನ ಚೀಲದಿಂದಲೇ ಜೋಳ ತೆಗೆದು, ಬೀಸಿ, ರೊಟ್ಟಿ ಬಡಿದು ತಂದಳು. "ತಿನ್ನು ದೊರೆ, ಮೊದಲು ನೀನ." ಪಲ್ಯವಿಲ್ಲ, ಚಟ್ನಿಯಿಲ್ಲ. ಗಂಟಲಿಗೆ ಸಿಕ್ಕರೂ ಅವನು ಪೂರ್ತಿ ತಿಂದ. ನೆರಳು ಹೊರಳುವವರೆಗೂ ಅವನ ಮುಖ ನೋಡುತ್ತ ಕೂತಳು. ಏನೂ ಆಗಲಿಲ್ಲ. ಆಮೇಲೆ ದುಭಾಷಿಗೆ, "ಈಗ ಕೇಳು, ಯಾಕ ಬಂದಾನಂತ," ಎಂದಳು.

ಹುಲ್ಲು ತಳ್ಳಿದವನು ತಾನೇ ಎಂದ ಮುದುಕ. ಅಂದು ಬರಿದಾಗಿದ್ದ ಹಗೇವನ್ನು ತುಂಬಿಸಿ, ಬಾಯಿ ಮುಚ್ಚಿಸಿದರೆ ತನಗೆ ನೆಮ್ಮದಿಯ ಸಾವು ಬಂದೀತು ಎಂದು ಕೈಮುಗಿದ.

"ಜೋಳದಾಗ ವಿಷ ಇಲ್ಲ, ಖರೆ," ಎಂದಳು ಹುಲಿಗೆವ್ವ. "ಆದ್ರ ಇದು ತುಂಬಿದ್ರ ಆ ಮಸಿ ಮುಚ್ಚಿ ಹೋಗತೈತಿ. ನಾಳೆ ನಿಮ್ಮವರ ಬಂದು ಇಲ್ಲೇನೂ ಆಗಿಲ್ಲ ಅಂದ್ರ, ನಾ ಏನು ತೋರಿಸಲಿ? ಹಸಿದ ಊರು ಬೇಕಾದಷ್ಟು ಅದಾವು, ಅಲ್ಲಿ ಸುರುವು."

ಗಾಡಿಗಳು ತಿರುಗಿದವು.

ಅಂದಿನಿಂದ ಮಳೆ ಹಿಡಿಯುವ ಮುಂಚೆ ಊರ ಹೆಂಗಸರು ಹಗೇವಿಗೆ ಇಳಿದು, ಗಾಳಿ ತಂದು ಹಾಕಿದ ಮಣ್ಣು, ತರಗೆಲೆ ಹೊತ್ತು ಹೊರಗೆ ಚೆಲ್ಲುತ್ತಾರೆ. ಮೊನ್ನೆ ಪರದೇಶದ ಹೆಣ್ಣುಮಗಳೊಬ್ಬಳು ಒಳಗೆ ಹೂವು ಹಾಕಲು ಹೋದಳು, ಕೈ ಹಿಡಿದೆ. ಇದೆಂಥ ಮುದುಕಿ ಎಂಬಂತೆ ನೋಡಿದಳು. ನೋಡಲಿ. ಹೂವು ಕೈಯಲ್ಲೇ ಹಿಡಿದು ಮತ್ತೊಮ್ಮೆ ಬಗ್ಗಿದಳು. ಗೋಡೆ ಕಪ್ಪಗೇ ಇತ್ತು.